ಲೈಸೆನ್ಸ್ ಸರ್ವರ್ ಪೋರ್ಟಿಗೆ ಮೂಗುದಾರ ಹಾಕಿದ್ದು

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಮೊದಲ ಫೋನ್ ಬಂತು. "ಸರ್, ಲೈಸೆನ್ಸ್ ಸಿಗ್ತಾ ಇಲ್ಲ." ಹತ್ತು ಗಂಟೆ ಹೊತ್ತಿಗೆ ಅದೇ ಮಾತನ್ನು ಏಳು ಜನ ಹೇಳಿದ್ದರು. ಡಿಸೈನ್ ಸಾಫ್ಟ್‌ವೇರ್ ತೆರೆದರೆ ಲೋಗೋ ಬರುತ್ತದೆ, ಸ್ವಲ್ಪ ಹೊತ್ತು ಹಾಗೇ ಕೂತಿರುತ್ತದೆ, ಆಮೇಲೆ ಮೈನಸ್ 15 ಅಂತ ಎರರ್. ಶುಕ್ರವಾರ ಸಂಜೆವರೆಗೂ ಎಲ್ಲ ಸರಿ ಇತ್ತು. ನಡುವೆ ಆಗಿದ್ದು ಒಂದೇ. ಭಾನುವಾರ ನಾನು ಎಲ್ಲರಿಗೂ ಲೈಸೆನ್ಸ್ ಹಂಚುವ ಸರ್ವರ್‌ಗೆ ಅಪ್‌ಡೇಟ್ ಹಾಕಿ ರೀಬೂಟ್ ಮಾಡಿದ್ದೆ.

ಆ ಸರ್ವರನ್ನು ಮೂರು ತಿಂಗಳ ಹಿಂದೆ ಕೂರಿಸಿದವನು ನಾನೇ. ನೆಟ್‌ವರ್ಕ್ ಕಾಯುವ ಫೈರ್‌ವಾಲ್‌ನಲ್ಲಿ ಪೋರ್ಟ್ (ಯಂತ್ರದ ಒಂದೊಂದು ಪ್ರೋಗ್ರಾಂಗೆ ಇರುವ ನಂಬರಿನ ಬಾಗಿಲು) ತೆರೆದವನೂ ನಾನೇ. ಬೈಯೋಣ ಅಂದರೆ ಬೇರೆ ಯಾರೂ ಸಿಗಲಿಲ್ಲ.

ನಮ್ಮಲ್ಲಿನ ವ್ಯವಸ್ಥೆ ಹೀಗಿದೆ. ಲಿನಕ್ಸ್ ಯಂತ್ರವೊಂದರ ಮೇಲೆ ಫ್ಲೆಕ್ಸ್‌ನೆಟ್ ಅನ್ನುವ ಲೈಸೆನ್ಸ್ ಹಂಚುವ ಸಾಫ್ಟ್‌ವೇರ್ ಓಡುತ್ತದೆ. ಹಳಬರು ಇದನ್ನು ಈಗಲೂ ಫ್ಲೆಕ್ಸ್‌ಎಲ್‌ಎಂ ಅಂತಲೇ ಕರೆಯುತ್ತಾರೆ. ಜನ ಕೆಲಸ ಮಾಡುವ ಕಂಪ್ಯೂಟರ್‌ಗಳು ಒಂದು ಸಬ್‌ನೆಟ್‌ನಲ್ಲಿ (ನೆಟ್‌ವರ್ಕಿನ ಒಂದು ಭಾಗ), ಸರ್ವರ್‌ಗಳು ಇನ್ನೊಂದರಲ್ಲಿ. ನಡುವೆ ಗೇಟ್‌ವೇಯಲ್ಲಿ ಒಂದು ಫೈರ್‌ವಾಲ್. ಸರ್ವರ್ ಒಳಗೆ ಫೈರ್‌ವಾಲ್‌ಡಿ ಅನ್ನುವ ಲಿನಕ್ಸ್ ಫೈರ್‌ವಾಲ್ ಬೇರೆ ಇದೆ. ಅಂದರೆ ಒಂದು ಲೈಸೆನ್ಸ್ ಕೈಗೆ ಬರಬೇಕಾದರೆ ಎರಡು ಕಾವಲು ದಾಟಬೇಕು.

ಮೊದಲು ಪಿಂಗ್ ಮಾಡಿದೆ. ಉತ್ತರ ಬಂತು. ಪಿಂಗ್ ಐಸಿಎಂಪಿ ಅನ್ನುವ ಬೇರೆ ಬಗೆಯ ನೆಟ್‌ವರ್ಕ್ ಸಂದೇಶದಲ್ಲಿ ಹೋಗುತ್ತದೆ, ಅದಕ್ಕೆ ಪೋರ್ಟ್ ಅನ್ನುವುದೇ ಇಲ್ಲ. ಹಾಗಾಗಿ ಅದರಿಂದ ತಿಳಿದದ್ದು ಯಂತ್ರ ಬದುಕಿದೆ ಅನ್ನುವುದಷ್ಟೆ. ಸರ್ವರ್‌ಗೇ ಲಾಗಿನ್ ಆಗಿ, ಲೈಸೆನ್ಸ್ ಸರ್ವರ್ ಸ್ಥಿತಿ ತೋರಿಸುವ ಎಲ್‌ಎಂಸ್ಟ್ಯಾಟ್ ಕಮಾಂಡ್ ಓಡಿಸಿದೆ. ಎಲ್ಲ ಅಪ್, ಎಲ್ಲ ಚೆನ್ನ. ಇದನ್ನೂ ನಂಬುವ ಹಾಗಿಲ್ಲ. ಸರ್ವರ್ ತನ್ನನ್ನೇ ತಾನು ಕೇಳಿಕೊಂಡಾಗ ಆ ಮಾತು ಯಾವ ಫೈರ್‌ವಾಲ್ ನಿಯಮವನ್ನೂ ಮುಟ್ಟದೆ ಒಳಗೊಳಗೇ ಮುಗಿಯುತ್ತದೆ.

ಕೊನೆಗೆ ಒಬ್ಬರ ಮೇಜಿನ ವಿಂಡೋಸ್ ಯಂತ್ರದಲ್ಲಿ ಕೂತು ಅಲ್ಲಿಂದ ಎಲ್‌ಎಂಸ್ಟ್ಯಾಟ್ ಓಡಿಸಿದೆ. ಇದನ್ನೇ ಮೊದಲು ಮಾಡಬೇಕಿತ್ತು. ಮೊದಲ ಸಾಲು ತಕ್ಷಣ ಬಂತು: ಲೈಸೆನ್ಸ್ ಸರ್ವರ್ ಅಪ್. ಆಮೇಲೆ ಕರ್ಸರ್ ಮಿನುಗುತ್ತಾ ನಿಂತಿತು. ಸುಮಾರು ಹೊತ್ತಿನ ಮೇಲೆ ಎರಡನೇ ಸಾಲು: ವೆಂಡರ್ ಡೀಮನ್‌ಗೆ (ಹಿನ್ನೆಲೆಯಲ್ಲಿ ಓಡುತ್ತಾ ಲೈಸೆನ್ಸ್ ಕೊಡುವ ಪ್ರೋಗ್ರಾಂ) ಸಂಪರ್ಕ ಆಗಲಿಲ್ಲ, ಮೈನಸ್ 15. ಸಾಲಿನ ಕೊನೆಯಲ್ಲಿ 10060 ಅಂತ ಒಂದು ಸಂಖ್ಯೆ.

ಬಹಳ ಜನ ಮೈನಸ್ 15 ನೋಡಿ ಅಲ್ಲಿಗೇ ನಿಂತುಬಿಡುತ್ತಾರೆ. ಅದು "ಸರ್ವರ್ ಸಿಗಲಿಲ್ಲ" ಅಂತ ಮಾತ್ರ ಹೇಳುತ್ತದೆ. ಯಾಕೆ ಸಿಗಲಿಲ್ಲ ಅಂತ ಹೇಳುವುದು ಬಾಲದಲ್ಲಿರುವ ಆ ಸಂಖ್ಯೆ. ಅದು ಆಪರೇಟಿಂಗ್ ಸಿಸ್ಟಮ್ ಕೊಟ್ಟ ಕಾರಣ. ವಿಂಡೋಸ್‌ನಲ್ಲಿ 10061 ಅಂದರೆ ಸಂಪರ್ಕ ನಿರಾಕರಣೆ. ಸಾಮಾನ್ಯವಾಗಿ ಹೀಗಾದಾಗ ನಮ್ಮ ಪ್ಯಾಕೆಟ್ (ಕಳಿಸಿದ ಡೇಟಾ ತುಣುಕು) ಯಂತ್ರದವರೆಗೂ ಹೋಗಿದೆ, ಆದರೆ ಆ ಪೋರ್ಟಿನಲ್ಲಿ ಯಾರೂ ಕೂತಿಲ್ಲ ಅಂತ ಅರ್ಥ. 10060 ಅಂದರೆ ಕಾದು ಕಾದು ಸುಸ್ತಾಯಿತು, ಉತ್ತರವೇ ಬರಲಿಲ್ಲ. ದಾರಿಯಲ್ಲಿ ಯಾರೋ ಪ್ಯಾಕೆಟ್ಟನ್ನು ಸದ್ದಿಲ್ಲದೆ ನುಂಗಿದ್ದಾರೆ. ಲಿನಕ್ಸ್‌ನಲ್ಲಿ ಇದೇ ಜೋಡಿಗೆ 111 ಮತ್ತು 110. ಬಾಗಿಲು ತಟ್ಟಿದಾಗ ಒಳಗಿನಿಂದ "ಇಲ್ಲ ಹೋಗಿ" ಅನ್ನುವುದಕ್ಕೂ, ಗೇಟಿನ ಹತ್ತಿರವೇ ಕಾವಲಿನವನು ಮಾತಾಡದೆ ನಿಲ್ಲಿಸಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ನಮ್ಮದು ಎರಡನೇ ಜಾತಿ. ಅಂದರೆ ಡೀಮನ್ ಸತ್ತಿಲ್ಲ, ಫೈರ್‌ವಾಲ್ ತಡೆದಿದೆ.

ಹಾಗಾದರೆ ಮೊದಲ ಸಾಲು ಹೇಗೆ ಬಂತು? ಇಲ್ಲೇ ವಿಷಯ ಇರುವುದು. ಫ್ಲೆಕ್ಸ್‌ನೆಟ್‌ನಲ್ಲಿ ಎರಡು ಪ್ರೋಗ್ರಾಂ ಓಡುತ್ತವೆ. ಒಂದು ಎಲ್‌ಎಂಜಿಆರ್‌ಡಿ. ಇನ್ನೊಂದು ಆಯಾ ಸಾಫ್ಟ್‌ವೇರ್ ಕಂಪನಿ ಕೊಡುವ ವೆಂಡರ್ ಡೀಮನ್. ಕ್ಲೈಂಟ್, ಅಂದರೆ ಲೈಸೆನ್ಸ್ ಕೇಳುವ ಕಂಪ್ಯೂಟರ್, ಮೊದಲು ಎಲ್‌ಎಂಜಿಆರ್‌ಡಿ ಹತ್ತಿರ ಹೋಗುತ್ತದೆ. ಅದು "ನಿಮ್ಮ ಡೀಮನ್ ಇಂಥ ಪೋರ್ಟಿನಲ್ಲಿದೆ, ಅಲ್ಲಿ ಹೋಗಿ" ಅಂತ ಕಳಿಸುತ್ತದೆ. ಕ್ಲೈಂಟ್ ಅಲ್ಲಿಗೆ ಹೊಸದಾಗಿ ಇನ್ನೊಂದು ಟಿಸಿಪಿ ಸಂಪರ್ಕ ಮಾಡುತ್ತದೆ. ಲೈಸೆನ್ಸ್ ಕೊಡುವುದು, ವಾಪಸ್ ತೆಗೆದುಕೊಳ್ಳುವುದು ಎಲ್ಲ ಆ ಎರಡನೇ ಸಂಪರ್ಕದಲ್ಲಿ. ಎಲ್‌ಎಂಜಿಆರ್‌ಡಿ ಒಂಥರಾ ರಿಸೆಪ್ಷನ್ ಮೇಜು.

ರಿಸೆಪ್ಷನ್ ಪೋರ್ಟ್ ಲೈಸೆನ್ಸ್ ಫೈಲಿನಲ್ಲಿ ಬರೆದಿರುತ್ತದೆ, ನಮ್ಮದು 27000. ಬರೆಯದಿದ್ದರೆ 27000ದಿಂದ 27009ರ ಒಳಗೆ ಖಾಲಿ ಇರುವ ಮೊದಲನೆಯದನ್ನು ಅದು ಹಿಡಿಯುತ್ತದೆ. ಆದರೆ ವೆಂಡರ್ ಡೀಮನ್‌ಗೆ ಪೋರ್ಟ್ ಹೇಳದಿದ್ದರೆ ಆಪರೇಟಿಂಗ್ ಸಿಸ್ಟಮ್ ಕೊಟ್ಟದ್ದೇ ಅದರ ಪೋರ್ಟ್. ಪ್ರತಿ ಸಲ ಶುರುವಾದಾಗಲೂ ಹೊಸದು.

ಸರ್ವರ್‌ನಲ್ಲಿ ಎಸ್‌ಎಸ್ ಕಮಾಂಡ್ ಕೊಟ್ಟು ಯಾರು ಯಾವ ಪೋರ್ಟಿನಲ್ಲಿದ್ದಾರೆ ನೋಡಿದೆ. ಎಲ್‌ಎಂಜಿಆರ್‌ಡಿ 27000ದಲ್ಲಿ, ವೆಂಡರ್ ಡೀಮನ್ 44963ರಲ್ಲಿ. ಡ್ರಾಯರ್‌ನಿಂದ ನನ್ನ ನೋಟ್‌ಬುಕ್ ತೆಗೆದೆ. ಮೂರು ತಿಂಗಳ ಹಿಂದಿನ ಪುಟದಲ್ಲಿ ಬರೆದಿದ್ದೆ: "ಲೈಸೆನ್ಸ್ ಸರ್ವರ್, ತೆರೆದ ಪೋರ್ಟ್ 27000, 38117. ಕೆಲಸ ಮಾಡ್ತಿದೆ." ಆ ದಿನ ಡೀಮನ್ ಕೂತಿದ್ದ ಜಾಗ ನೋಡಿ, ಅದೇ ಅದರ ಕಾಯಂ ವಿಳಾಸ ಅಂದುಕೊಂಡು ಎರಡೂ ಫೈರ್‌ವಾಲ್‌ನಲ್ಲಿ ತೆರೆದುಬಿಟ್ಟಿದ್ದೆ. ಮೂರು ತಿಂಗಳು ಸರ್ವರ್ ರೀಬೂಟ್ ಆಗಲಿಲ್ಲ. ಹಾಗಾಗಿ ನನ್ನ ತಪ್ಪೂ ಹೊರಗೆ ಬರಲಿಲ್ಲ.

ಜನ ಸುಮ್ನೆ ಕೂತಿದ್ದರು. ಆ ಹೊತ್ತಿಗೆ 44963 ತೆರೆದುಕೊಟ್ಟೆ. ಹತ್ತೂವರೆಗೆ ಎಲ್ಲರೂ ಕೆಲಸಕ್ಕೆ ಕೂತರು. ಗೇಟ್‌ವೇ ಫೈರ್‌ವಾಲ್ ನಿಯಮದ ಹೆಸರಿನ ಜಾಗದಲ್ಲಿ "ತಾತ್ಕಾಲಿಕ" ಅಂತ ಟೈಪ್ ಮಾಡಿದೆ. ನಿಜವಾದ ರಿಪೇರಿ ಸಂಜೆ ಎಲ್ಲರೂ ಹೋದ ಮೇಲೆ.

ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ಒಂದು ಉಪಾಯ ಕೊಟ್ಟರು. "ಆ ರೇಂಜನ್ನೇ ಪೂರ್ತಿ ತೆರೆದುಬಿಡಿ ಸರ್, ಯಾವುದರಲ್ಲಿ ಬೇಕಾದ್ರೂ ಕೂರಲಿ." ಲಿನಕ್ಸ್ ತಾನಾಗಿ ಪೋರ್ಟ್ ಕೊಡುವ ಆ ರೇಂಜ್ ಸಾಮಾನ್ಯವಾಗಿ 32768ರಿಂದ 60999ರವರೆಗೆ. ಇಪ್ಪತ್ತೆಂಟು ಸಾವಿರ ಚಿಲ್ಲರೆ ಪೋರ್ಟ್. ಒಂದು ಇಲಿ ಓಡಾಡಲಿ ಅಂತ ಗೋಡೆಯನ್ನೇ ಕೆಡವಿದ ಹಾಗೆ. ಬೇಡ ಅಂದೆ.

ಸರ್ವರ್ ವಿಂಡೋಸ್ ಆಗಿದ್ದಿದ್ದರೆ ಇನ್ನೊಂದು ದಾರಿ ಇತ್ತು. ವಿಂಡೋಸ್ ಫೈರ್‌ವಾಲ್‌ನಲ್ಲಿ ಪೋರ್ಟ್ ಬದಲು ಪ್ರೋಗ್ರಾಂ ಹೆಸರಲ್ಲಿ ಅನುಮತಿ ಕೊಡಬಹುದು. ಎಲ್‌ಎಂಜಿಆರ್‌ಡಿ, ವೆಂಡರ್ ಡೀಮನ್ ಎರಡಕ್ಕೂ ಕೊಟ್ಟರೆ ಅವು ಎಲ್ಲಿ ಕೂತರೂ ಆ ಯಂತ್ರ ಬಿಟ್ಟುಕೊಡುತ್ತದೆ. ಸರ್ವರ್, ಕ್ಲೈಂಟ್ ಎರಡೂ ಒಂದೇ ಸಬ್‌ನೆಟ್‌ನಲ್ಲಿದ್ದರೆ ಅಷ್ಟೇ ಸಾಕು. ಎಷ್ಟೋ ಜನರಿಗೆ ವರ್ಷಗಟ್ಟಲೆ ಈ ತೊಂದರೆಯೇ ಕಾಣದಿರುವುದು ಇದಕ್ಕೇ. ನಡುವೆ ಬೇರೆ ಫೈರ್‌ವಾಲ್ ಬಂದ ದಿನ ಆಟ ಮುಗಿಯಿತು. ಅದಕ್ಕೆ ಸರ್ವರ್ ಒಳಗೆ ಓಡುವ ಪ್ರೋಗ್ರಾಂ ಹೆಸರು ಎಲ್ಲಿಂದ ಗೊತ್ತಾಗಬೇಕು? ಅದು ನೋಡುವುದು ವಿಳಾಸ ಮತ್ತು ಪೋರ್ಟ್.

ಸಂಜೆ ಆರೂಕಾಲಿಗೆ ಲೈಸೆನ್ಸ್ ಫೈಲ್ ತೆರೆದೆ. ಮೊದಲು ಒಂದು ಕಾಪಿ ಮಾಡಿಟ್ಟುಕೊಂಡೆ. ಈ ಫೈಲ್ ಮುಟ್ಟಲು ಜನ ಹೆದರುತ್ತಾರೆ, ಕೈ ಹಾಕಿದರೆ ಲೈಸೆನ್ಸೇ ಕೆಡುತ್ತದೆ ಅಂತ. ಅರ್ಧ ನಿಜ. ಫೀಚರ್, ಇನ್‌ಕ್ರಿಮೆಂಟ್ ಅಂತ ಶುರುವಾಗುವ ಸಾಲುಗಳಿಗೆ ಸಹಿ ಇರುತ್ತದೆ. ಅಲ್ಲಿ ಒಂದಕ್ಷರ ತಿದ್ದಿದರೂ ಹೋಯಿತು. ಸರ್ವರ್ ಸಾಲಿನ ಹೋಸ್ಟ್‌ಐಡಿಯೂ (ಯಂತ್ರದ ಗುರುತು) ಹಾಗೇ, ಮುಟ್ಟಬಾರದು. ಆದರೆ ಅದೇ ಸಾಲಿನ ಹೋಸ್ಟ್ ಹೆಸರು, ಪೋರ್ಟ್ ಸಂಖ್ಯೆ ತಿದ್ದಬಹುದು. ವೆಂಡರ್ ಸಾಲಿನಲ್ಲಿ ಡೀಮನ್ ಇರುವ ಜಾಗವನ್ನೂ ಪೋರ್ಟನ್ನೂ ಬರೆಯಬಹುದು.

ನಮ್ಮ ವೆಂಡರ್ ಸಾಲಿನಲ್ಲಿ ಡೀಮನ್ ಹೆಸರು, ಅದರ ಪಾತ್ ಬಿಟ್ಟರೆ ಇನ್ನೇನೂ ಇರಲಿಲ್ಲ. ಸಾಲಿನ ಕೊನೆಗೆ ಒಂದು ಸ್ಪೇಸ್ ಬಿಟ್ಟು ಪೋರ್ಟ್=27001 ಅಂತ ಸೇರಿಸಿದೆ. ಮೂಗುದಾರ ಅಂದರೆ ಇಷ್ಟೇ. ಸೇವ್ ಮಾಡಿ ಎಲ್‌ಎಂರೀರೀಡ್ ಕೊಟ್ಟೆ. ಫೈಲ್ ಮತ್ತೆ ಓದಿದೆ ಅಂತ ಸಂದೇಶ ಬಂತು. ಎಸ್‌ಎಸ್‌ನಲ್ಲಿ ನೋಡಿದರೆ ಡೀಮನ್ ಇನ್ನೂ 44963ರಲ್ಲೇ ಆರಾಮಾಗಿ ಕೂತಿದೆ. ರೀರೀಡ್‌ನಿಂದ ಹೊಸ ಲೈಸೆನ್ಸ್ ಸಾಲುಗಳು ಒಳಗೆ ಬರುತ್ತವೆ, ಕೂತವರು ಜಾಗ ಬದಲಿಸುವುದಿಲ್ಲ. ಪೋರ್ಟ್ ಬದಲಾಗಬೇಕಾದರೆ ಪೂರ್ತಿ ನಿಲ್ಲಿಸಿ ಶುರು ಮಾಡಲೇಬೇಕು.

ನಿಲ್ಲಿಸಿದೆ. ಶುರು ಮಾಡಿದೆ. ಎಲ್‌ಎಂಜಿಆರ್‌ಡಿ ಬಂತು, ವೆಂಡರ್ ಡೀಮನ್ ಬರಲಿಲ್ಲ. ಲಾಗ್ ನೋಡಿದರೆ, ಕೇಳಿದ ಪೋರ್ಟ್ ತೆರೆಯಲು ಆಗುತ್ತಿಲ್ಲ ಅಂತ ರಾಗ.

ನನಗೆ ಮೊದಲು ಹೊಳೆದದ್ದು ಹಳೆ ಸಂಪರ್ಕಗಳು. ಪೋರ್ಟ್ ಕಟ್ಟಿಹಾಕಿದರೆ ಒಂದು ಸಣ್ಣ ಕಿರಿಕಿರಿ ಇದ್ದೇ ಇದೆ. ಕ್ಲೈಂಟ್‌ಗಳು ಹಳೆ ಸಂಪರ್ಕ ಬಿಡುವವರೆಗೂ ಡೀಮನ್ ಅದೇ ಪೋರ್ಟಿನಲ್ಲಿ ಮತ್ತೆ ಎದ್ದೇಳದೆ ಇರಬಹುದು. ಮುಚ್ಚಿದ ಟಿಸಿಪಿ ಸಂಪರ್ಕವೂ ಲಿನಕ್ಸ್‌ನಲ್ಲಿ 60 ಸೆಕೆಂಡ್ ಟೈಮ್‌ವೇಟ್ ಅನ್ನುವ ಸ್ಥಿತಿಯಲ್ಲಿ ತೂಗಾಡುತ್ತಿರುತ್ತದೆ. ಆದರೆ ಇಲ್ಲಿ 27001 ಇನ್ನೂ ಯಾರೂ ಬಳಸದ ಪೋರ್ಟ್, ಹಳೆ ಸಂಪರ್ಕ ಎಲ್ಲಿಂದ ಬರಬೇಕು? ಇಷ್ಟು ಯೋಚಿಸಲು ಎರಡು ನಿಮಿಷ ಬೇಕಾಯಿತು. ಅಷ್ಟರಲ್ಲಿ ಮೂರು ಸಲ ರೀಸ್ಟಾರ್ಟ್ ಮಾಡಿಬಿಟ್ಟಿದ್ದೆ. ಕೈ ತಲೆಗಿಂತ ಮುಂದೆ ಓಡುತ್ತದೆ.

ಎಸ್‌ಎಸ್ ಮತ್ತೆ ಓಡಿಸಿದೆ, ಈ ಸಲ ಪೂರ್ತಿ ಪಟ್ಟಿ ಓದಿದೆ. 27001ರಲ್ಲಿ ಆಗಲೇ ಇನ್ನೊಂದು ಎಲ್‌ಎಂಜಿಆರ್‌ಡಿ ಕೂತಿತ್ತು! ಆಗ ನೆನಪಾಯಿತು. ಒಬ್ಬರೇ ಬಳಸುವ ಒಂದು ಸಣ್ಣ ಅನಾಲಿಸಿಸ್ ಸಾಫ್ಟ್‌ವೇರ್ ಇದೆ. ಅದರ ಲೈಸೆನ್ಸ್ ಕೂಡ ಇದೇ ಯಂತ್ರದಲ್ಲಿ. ಅದರ ಫೈಲಿನಲ್ಲಿ ಪೋರ್ಟೇ ಬರೆದಿಲ್ಲ. 27000 ಸಿಗಲಿಲ್ಲ ಅಂತ ಪಕ್ಕದ 27001ಕ್ಕೆ ಸರಿದು ಕೂತಿದೆ. ಬಳಸುವವರ ಯಂತ್ರವೂ ಸರ್ವರ್ ಸಬ್‌ನೆಟ್‌ನಲ್ಲೇ ಇದ್ದದ್ದರಿಂದ ಗೇಟ್‌ವೇಯಲ್ಲಿ ಅದಕ್ಕಾಗಿ ನಾನು ಏನನ್ನೂ ತೆರೆದಿರಲಿಲ್ಲ. ನೋಟ್‌ಬುಕ್‌ನಲ್ಲೂ ಇಲ್ಲ.

ಹಾಗಾಗಿ 27000ದಿಂದ 27009ರವರೆಗಿನ ಹತ್ತು ಪೋರ್ಟ್‌ಗಳಲ್ಲಿ ವೆಂಡರ್ ಡೀಮನ್ ಕೂರಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ಅದು ಎಲ್‌ಎಂಜಿಆರ್‌ಡಿಗಳು ಓಡಾಡುವ ಅಂಗಳ. 32768ರ ಮೇಲೂ ಬೇಡ. ಅಲ್ಲಿ ಯಾವುದೋ ಹೊರಹೋಗುವ ಸಂಪರ್ಕ ನಮ್ಮ ಪೋರ್ಟನ್ನೇ ಮೊದಲು ಹಿಡಿದಿರಬಹುದು. 27017 ಮುಟ್ಟಬೇಡಿ, ಅದು ಮಾಂಗೋಡಿಬಿ ಡೇಟಾಬೇಸಿನ ಖಾಯಂ ಜಾಗ. ಕೊನೆಗೆ ನೂರು ಕೂಡಿಸುವ ಲೆಕ್ಕ ಇಟ್ಟುಕೊಂಡೆ. ದೊಡ್ಡ ಸಾಫ್ಟ್‌ವೇರ್‌ಗೆ ಎಲ್‌ಎಂಜಿಆರ್‌ಡಿ 27000, ವೆಂಡರ್ 27100. ಸಣ್ಣದಕ್ಕೆ 27002 ಮತ್ತು 27102. ಒಂದನ್ನು ನೋಡಿದರೆ ಇನ್ನೊಂದು ಬಾಯಿಗೇ ಬರುತ್ತದೆ. ನಾಲ್ಕನ್ನೂ ಫೈಲ್‌ಗಳಲ್ಲಿ ಬರೆದೆ. ಎರಡೂ ಸರ್ವರ್ ನಿಲ್ಲಿಸಿ, ಒಂದೆರಡು ನಿಮಿಷ ಬಿಟ್ಟು ಶುರು ಮಾಡಿದೆ. ಲಾಗ್‌ನಲ್ಲಿ ನನಗೆ ಬೇಕಾಗಿದ್ದ ಸಾಲು ಬಂತು: ಲೈಸೆನ್ಸ್ ಫೈಲಿನಲ್ಲಿ ಹೇಳಿದ ವೆಂಡರ್ ಪೋರ್ಟ್ 27100 ಬಳಸುತ್ತಿದ್ದೇನೆ ಅಂತ. ಆ ಸಾಲು ಇಲ್ಲದಿದ್ದರೆ ನೀವು ಬರೆದ ಪೋರ್ಟನ್ನು ಅದು ಓದಿಲ್ಲ ಅಂತಲೇ ತಿಳಿಯಿರಿ.

ಈಗ ಫೈರ್‌ವಾಲ್. ಗೇಟ್‌ವೇಯಲ್ಲಿ ಹೊಸ ನಿಯಮ: ಮೂಲ, ಜನರ ಸಬ್‌ನೆಟ್. ಗುರಿ, ಲೈಸೆನ್ಸ್ ಸರ್ವರ್ ಒಂದೇ ವಿಳಾಸ. ಟಿಸಿಪಿ 27000 ಮತ್ತು 27100. ಯುಡಿಪಿ ಬೇಕಿಲ್ಲ. ಉತ್ತರ ಬರುವ ದಿಕ್ಕಿಗೆ ಬೇರೆ ನಿಯಮವೂ ಬೇಡ. ಒಳಹೋದ ಸಂಪರ್ಕವನ್ನು ನೆನಪಿಟ್ಟುಕೊಳ್ಳುವ ಫೈರ್‌ವಾಲ್ ಆದರೆ ಅದರ ಉತ್ತರವನ್ನು ತಾನೇ ಬಿಡುತ್ತದೆ.

ಜನರ ಸಬ್‌ನೆಟ್‌ನಲ್ಲಿದ್ದ ಒಂದು ಲಿನಕ್ಸ್ ಯಂತ್ರದಿಂದ ಎನ್‌ಸಿ ಕಮಾಂಡ್‌ನಲ್ಲಿ ಪರೀಕ್ಷೆ ಮಾಡಿದೆ. 27000 ಸರಿ. 27100ಕ್ಕೆ ಬಂದ ಉತ್ತರ ನೋಡಿ ತಲೆ ಕೆರೆದುಕೊಂಡೆ. "ಆ ಯಂತ್ರಕ್ಕೆ ದಾರಿಯೇ ಇಲ್ಲ" ಅನ್ನುತ್ತಿದೆ. ದಾರಿ ಇಲ್ಲ ಅಂದರೇನು? ಈಗ ತಾನೇ ಅದೇ ಯಂತ್ರದ 27000ಕ್ಕೆ ಹೋಗಿ ಬಂದೆಯಲ್ಲಪ್ಪಾ! ಅರ್ಧ ಗಂಟೆ ರೂಟಿಂಗ್ ಟೇಬಲ್ ನೋಡಿದೆ. ಗೇಟ್‌ವೇಯಲ್ಲಿ ಮಾಡಿದ್ದನ್ನೆಲ್ಲ ಮತ್ತೆ ಓದಿದೆ. ಎಲ್ಲ ಸರಿಯಾಗಿಯೇ ಇತ್ತು.

ಸಿಕ್ಕಿದ್ದು ಓಡಾಡುವ ಪ್ಯಾಕೆಟ್ ಹಿಡಿದು ತೋರಿಸುವ ಟಿಸಿಪಿಡಂಪ್‌ನಲ್ಲಿ. ಸರ್ವರ್ ಮೇಲೆ 27100ರ ಜೊತೆ ಐಸಿಎಂಪಿಯನ್ನೂ ಹಿಡಿದು ನೋಡಿದೆ. ಪ್ಯಾಕೆಟ್ ಗೇಟ್‌ವೇ ದಾಟಿ ಸರ್ವರ್‌ವರೆಗೂ ಬರುತ್ತಿದೆ. ಸರ್ವರ್ ತಕ್ಷಣ ಐಸಿಎಂಪಿಯಲ್ಲಿ "ನಿಷೇಧಿಸಲಾಗಿದೆ" ಅಂತ ಉತ್ತರ ಕೊಡುತ್ತಿದೆ. ಅದು ಫೈರ್‌ವಾಲ್‌ಡಿ ಕೆಲಸ. ಅನುಮತಿ ಇಲ್ಲದ ಪೋರ್ಟಿಗೆ ಬಂದ ಪ್ಯಾಕೆಟ್ಟನ್ನು ಅದು ಸುಮ್ಮನೆ ನುಂಗುವುದಿಲ್ಲ, ಹೀಗೆ ಹೇಳಿ ಕಳಿಸುತ್ತದೆ. ಆ ಉತ್ತರವನ್ನು ಲಿನಕ್ಸ್ ಕ್ಲೈಂಟ್ "ದಾರಿ ಇಲ್ಲ" ಅಂತ ಅನುವಾದ ಮಾಡುತ್ತದೆ. ಗೇಟ್‌ವೇಯಲ್ಲಿ ಪೋರ್ಟ್ ತೆರೆದ ನಾನು ಸರ್ವರ್ ಒಳಗೆ ತೆರೆಯುವುದನ್ನೇ ಮರೆತಿದ್ದೆ. ಪಿಂಗ್ ಆಗುತ್ತದೆ, ಒಂದು ಪೋರ್ಟ್ ಸಿಗುತ್ತದೆ, ಇನ್ನೊಂದಕ್ಕೆ ಮಾತ್ರ ದಾರಿ ಇಲ್ಲ ಅಂದರೆ ರೂಟಿಂಗ್ ಕಡೆ ತಿರುಗಿಯೂ ನೋಡಬೇಡಿ. ನೇರ ಸರ್ವರ್‌ನ ಫೈರ್‌ವಾಲ್‌ಗೆ ಹೋಗಿ.

ಫೈರ್‌ವಾಲ್‌ಡಿಯಲ್ಲಿ ಆ್ಯಡ್‌ಪೋರ್ಟ್ ಕೊಡುವಾಗ ಪರ್ಮನೆಂಟ್ ಆಯ್ಕೆ ಸೇರಿಸಬೇಕು, ಆಮೇಲೆ ರೀಲೋಡ್. ಪರ್ಮನೆಂಟ್ ಬಿಟ್ಟರೆ ಆ ಕ್ಷಣಕ್ಕೆ ಕೆಲಸ ಮಾಡುತ್ತದೆ, ರೀಬೂಟ್ ಆದರೆ ಮಾಯ. ಪರ್ಮನೆಂಟ್ ಕೊಟ್ಟು ರೀಲೋಡ್ ಬಿಟ್ಟರೆ ಉಲ್ಟಾ, ಈಗ ಏನೂ ಆಗುವುದಿಲ್ಲ. ನಾನು ಎರಡೂ ತಪ್ಪನ್ನು ಬೇರೆ ಬೇರೆ ವರ್ಷಗಳಲ್ಲಿ ಮಾಡಿ ಮುಗಿಸಿದ್ದೇನೆ. ಈ ಸಲ ನಾಲ್ಕೂ ಪೋರ್ಟ್ ಸರಿಯಾಗಿ ಸೇರಿಸಿದೆ. ಎನ್‌ಸಿ ಈಗ ಎರಡಕ್ಕೂ ಹೂಂ ಅಂದಿತು. ವಿಂಡೋಸ್ ಯಂತ್ರದಲ್ಲಿ ಪವರ್‌ಶೆಲ್‌ನ ಟೆಸ್ಟ್ ನೆಟ್ ಕನೆಕ್ಷನ್ ಕೂಡ ಟ್ರೂ ಅಂದಿತು.

ಒಬ್ಬರು ಮನೆಯಿಂದ ಕೆಲಸ ಮಾಡುತ್ತಾರೆ. "ಇಂಟರ್ನೆಟ್ ಕಡೆಯಿಂದಲೂ ಆ ಪೋರ್ಟ್ ತೆರೆದರೆ ವಿಪಿಎನ್ ಗೋಳು ಇರಲ್ಲ" ಅಂದರು. ಇದಕ್ಕೆ ಮಾತ್ರ ನಾನು ಖಂಡಿತ ಒಪ್ಪಲಿಲ್ಲ. ಮೊದಲನೆಯದಾಗಿ, ಕಂಡವರೆಲ್ಲ ನಮ್ಮ ಲೈಸೆನ್ಸ್ ತೆಗೆದುಕೊಂಡು ಹೋಗಬಹುದು. ಅದಕ್ಕಿಂತ ದೊಡ್ಡ ಭಯ ಬೇರೆ. ಈ ಎರಡು ಪ್ರೋಗ್ರಾಂಗಳಲ್ಲೂ ಹಿಂದೆ ದೊಡ್ಡ ತೂತು ಸಿಕ್ಕಿದೆ. ಸಿವಿಇ-2015-8277 (ಭದ್ರತಾ ದೋಷಗಳ ಪಟ್ಟಿಯಲ್ಲಿ ಅದರ ಸಂಖ್ಯೆ) ಅನ್ನುವ ಬಫರ್ ಓವರ್‌ಫ್ಲೋದಲ್ಲಿ ದೂರದಿಂದಲೇ ಸರ್ವರ್ ಮೇಲೆ ಕೋಡ್ ಓಡಿಸುವ ಅವಕಾಶ ಇತ್ತು. ಅದಕ್ಕೇ ಎಲ್‌ಎಂಜಿಆರ್‌ಡಿಯನ್ನು ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಓಡಿಸಬಾರದು. ಅದಕ್ಕೆಂದೇ ಒಂದು ಸಾಮಾನ್ಯ ಯೂಸರ್ ಮಾಡಿದ್ದೇನೆ. ಶುರು ಮಾಡುವಾಗ ಲೋಕಲ್ ಅನ್ನುವ ಆಯ್ಕೆಯನ್ನೂ ಕೊಡುತ್ತೇನೆ. ಆಗ ಎಲ್‌ಎಂಡೌನ್ ಕೊಟ್ಟು ಸರ್ವರ್ ನಿಲ್ಲಿಸುವುದು ಅದೇ ಯಂತ್ರದಿಂದ ಮಾತ್ರ ಸಾಧ್ಯ.

ವಿಪಿಎನ್ ಸಬ್‌ನೆಟ್ಟಿಗೂ ಅದೇ ಎರಡು ಪೋರ್ಟ್ ಬಿಟ್ಟುಕೊಟ್ಟೆ. ಅವರಿಗೆ ಆಗಲೂ ಸಿಗಲಿಲ್ಲ. ಆದರೆ ಎರರ್ ಮೈನಸ್ 15 ಅಲ್ಲ, ಮೈನಸ್ 96. ಇದು ಪೋರ್ಟಿನ ಜಗಳ ಅಲ್ಲ, ಹೆಸರಿನದು. ವಿಪಿಎನ್‌ನಲ್ಲಿದ್ದಾಗ ಸರ್ವರ್‌ನ ಚಿಕ್ಕ ಹೆಸರು ಅವರ ಲ್ಯಾಪ್‌ಟಾಪಿಗೆ ಗೊತ್ತಾಗುತ್ತಿರಲಿಲ್ಲ. ಡೊಮೇನ್ ಸೇರಿಸಿ ಪೂರ್ತಿ ಹೆಸರು ಕೊಟ್ಟ ಮೇಲೆ ಬಂತು.

ಆಗ ರಾತ್ರಿ ಎಂಟೂ ಮುಕ್ಕಾಲು. ಈ ಸಲ "ಕೆಲಸ ಮಾಡ್ತಿದೆ" ಅಂತ ಬರೆದು ಮನೆಗೆ ಹೋಗುವ ಧೈರ್ಯ ಆಗಲಿಲ್ಲ. ಸರ್ವರ್ ರೀಬೂಟ್ ಮಾಡಿದೆ. ಎಸ್‌ಎಸ್: 27000, 27100, 27002, 27102. ಮತ್ತೆ ರೀಬೂಟ್. ಅದೇ ನಾಲ್ಕು. ಮೂರನೇ ಸಲ ಬೇಕಂತಲೇ ಒಂದು ಕಂಪ್ಯೂಟರ್‌ನಲ್ಲಿ ಸಾಫ್ಟ್‌ವೇರ್ ತೆರೆದಿಟ್ಟು, ಬರೀ ಲೈಸೆನ್ಸ್ ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ವೆಂಡರ್ ಡೀಮನ್ ಏಳಲು ತಡ ಮಾಡಿತು. ಆ ಕಂಪ್ಯೂಟರ್‌ನಲ್ಲಿ ಸಾಫ್ಟ್‌ವೇರ್ ಮುಚ್ಚಿ ಒಂದು ನಿಮಿಷ ಕಾದ ಮೇಲೆ ಎದ್ದಿತು. ಹಳೆ ಸಂಪರ್ಕದ ಕಿರಿಕಿರಿ ಅಂದೆನಲ್ಲ, ಅದೇ. ನೋಟ್‌ಬುಕ್‌ನಲ್ಲಿ ಅದನ್ನೂ ಬರೆದೆ: ಹಗಲು ಹೊತ್ತು ರೀಸ್ಟಾರ್ಟ್ ಮಾಡಬೇಕಾದರೆ ಮೊದಲು ಎಲ್ಲರಿಗೂ ಮುಚ್ಚಲು ಹೇಳುವುದು.

ಕೊನೆಗೆ ಹಳೆ ನಿಯಮಗಳನ್ನು ತೆಗೆಯಲು ಗೇಟ್‌ವೇ ಪಟ್ಟಿ ತೆರೆದೆ. ಬೆಳಿಗ್ಗೆಯ 44963 ಇತ್ತು, ಅಳಿಸಿದೆ. ಅದರ ಕೆಳಗೆ ಮೂರು ತಿಂಗಳ ಹಿಂದಿನ 38117 ಇತ್ತು, ಅಳಿಸಿದೆ. ಇನ್ನೂ ಕೆಳಗೆ ಎರಡು ಸಾಲು. ಒಂದರಲ್ಲಿ 41206, ಇನ್ನೊಂದರಲ್ಲಿ 35590. ಎರಡೂ ಹೋಗುವುದು ಹಳೆ ಲೈಸೆನ್ಸ್ ಸರ್ವರ್‌ನ ವಿಳಾಸಕ್ಕೆ. ಆ ಯಂತ್ರ ಈಗ ಇಲ್ಲವೇ ಇಲ್ಲ. ಹೆಸರಿನ ಜಾಗದಲ್ಲಿ ಎರಡಕ್ಕೂ "ತಾತ್ಕಾಲಿಕ" ಅಂತಿತ್ತು. ಆ ಫೈರ್‌ವಾಲ್‌ನ ಪಾಸ್‌ವರ್ಡ್ ಇರುವುದು ನನ್ನೊಬ್ಬನ ಹತ್ತಿರ.